ತಂಪು ಊರಿನ ಬಿಸಿಲು



ಕುವೈತಿನಲ್ಲಿ ನೆಲೆಸಿದವರಿಗೆ ಬಿಸಿಲಿನ ಪಾಠ ಬೇಕೇ ಎಂದು ತಾವು ನಗಬಹುದು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆದರೆ ನಮ್ಮ ಮನೆಗಳಲ್ಲಿ ಹವಾನಿಯಂತ್ರಣವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನ ದುಡಿಮೆಗೆ ನಿಷೇಧವಿದೆ. ನಮಗಿರುವ ಆತಂಕ ಬಿಸಿಲಿಗೆ ಸಿದ್ಧವಾಗಿರದ ತಂಪು ಊರುಗಳದು.

2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಮಂದಿ ಸೆಕೆಗೆ ಬಲಿಯಾದರು. ಬಹುಪಾಲು ವೃದ್ಧರು, ಎಷ್ಟೋ ಮಂದಿ ಒಂಟಿಯಾಗಿದ್ದವರು. ಅವರ ಮನೆಗಳು ರಾತ್ರಿಯೂ ತಣಿಯಲಿಲ್ಲ.

ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ನಮ್ಮ ಬೆಂಗಳೂರೂ ತಂಪು ಊರೆಂದೇ ಹೆಸರಾದುದು. ಅಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39 ಡಿಗ್ರಿ ದಾಟಿತು. ನಮ್ಮಲ್ಲಿ ಅನೇಕರ ತಂದೆತಾಯಿಯರು ಅಲ್ಲಿ ಇಬ್ಬರೇ ಇದ್ದಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ; ಬೆವರೂ ಕಡಿಮೆಯಾಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಇನ್ನೂ ಇಳಿಸುತ್ತವೆ. ‘ಬೆಂಗಳೂರಿನ ಬಿಸಿಲು ಏನು ಮಾಡೀತು’ ಎಂಬ ಹಳೆಯ ನಂಬಿಕೆ ಮಾತ್ರ ಹಾಗೆಯೇ ಉಳಿದಿದೆ.

ಆದ್ದರಿಂದ ಬೇಸಿಗೆಯಲ್ಲಿ ಊರಿಗೆ ಫೋನ್ ಮಾಡಿದಾಗ ‘ಊಟವಾಯಿತೇ’ ಎಂಬುದರೊಡನೆ ‘ನೀರು, ಮಜ್ಜಿಗೆ ಕುಡಿದಿರಾ? ರಾತ್ರಿ ನಿದ್ರೆ ಬಂತೇ?’ ಎಂದೂ ಕೇಳೋಣ. ದಿನಕ್ಕೊಮ್ಮೆ ನೋಡಿಬರುವಂತೆ ನೆರೆಯವರನ್ನು ವಿನಂತಿಸೋಣ. ಮೈ ಸುಡುತ್ತ ಮಾತು ತೊದಲಿದರೆ, ಮಂಕು ಕವಿದರೆ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ವಾಹನ ಬರುವವರೆಗೆ ಮೈಗೆ ತಣ್ಣೀರು ಹನಿಸಿ ಗಾಳಿ ಬೀಸುತ್ತಿರಬೇಕು. ಇಷ್ಟನ್ನು ಇಂದೇ ಮನೆಯವರಿಗೆ ತಿಳಿಸಿರೆಂಬುದು ನಮ್ಮ ಪ್ರಾರ್ಥನೆ.