ಗಾಳಿಯ ಜಮಾ-ಖರ್ಚು



ಹೊಗೆ ಕಣ್ಮರೆಯಾದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಡೈಆಕ್ಸೈಡ್, ಗಾಳಿಯಲ್ಲಿಯೇ ಸಲ್ಫೇಟ್ ಕಣವಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ. ಸ್ವೀಡನ್, ನಾರ್ವೆಗಳ ಸರೋವರಗಳು ಆಮ್ಲ ಮಳೆಗೆ ಸಿಕ್ಕಿ ಮೀನುಗಳನ್ನು ಕಳೆದುಕೊಂಡದ್ದು ಬಹುಪಾಲು ಅನ್ಯ ದೇಶಗಳ ಹೊಗೆಯಿಂದ. ಅದನ್ನು ತೋರಿಸಿಕೊಡಲು ಕಂಪ್ಯೂಟರ್ ಮಾದರಿಗಳು ನೆರವಾದವು. 1994ರ ಆಸ್ಲೋ ಗಂಧಕ ಒಪ್ಪಂದದಲ್ಲಿ ಯಾವ ದೇಶ ಎಷ್ಟು ತಗ್ಗಿಸಬೇಕೆಂಬ ಮಾತುಕತೆಗೆ ‘ರೈನ್ಸ್’ ಎಂಬ ಮಾದರಿಯ ಲೆಕ್ಕವೇ ಮುಖ್ಯ ಆಧಾರವಾಯಿತು.

ಮಾದರಿ ಮಾಡುವುದಿಷ್ಟೆ: ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಸೇರಿದ ಹೊಗೆ, ಬೀಸಿದ ಗಾಳಿ, ನಡೆದ ರಾಸಾಯನಿಕ ಕ್ರಿಯೆ, ಮಳೆಯೊಡನೆ ಇಳಿದ ಕಣ ಇವುಗಳ ಜಮಾ-ಖರ್ಚು ಬರೆಯುತ್ತದೆ.

ತೊಡಕಿರುವುದು ಚೌಕದ ಅಳತೆಯಲ್ಲಿ. ಚೌಕ 25 ಕಿಲೋಮೀಟರ್ ಅಗಲವಾದರೆ ಘಟ್ಟದ ನೆತ್ತಿಯೂ ಕಣಿವೆಯೂ ಒಂದೇ ಸರಾಸರಿ ಎತ್ತರವಾಗಿಬಿಡುತ್ತವೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕಣಿವೆಯಲ್ಲಿ ಮಡುಗಟ್ಟಿ ಹೊಗೆಯನ್ನು ಹಿಡಿದಿಡುವುದನ್ನು ನಾವು ಬಲ್ಲೆವು. ಆ ಸರಾಸರಿ ಅರಿಯದು.

ಆದ್ದರಿಂದ ಮಾದರಿಯನ್ನು ಕುರುಡಾಗಿ ನಂಬಲೂ ಬೇಡಿ, ತಳ್ಳಿಹಾಕಲೂ ಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ಆ ಅವಧಿಯಲ್ಲಿ ವರದಿಯನ್ನು ಓದಿ, ಸಭೆಯಲ್ಲಿ ಕೇಳಿ: ಬೆಟ್ಟದ ಏರಿಳಿತವನ್ನು ಹೇಗೆ ಪರಿಗಣಿಸಿದಿರಿ? ಗಾಳಿಯ ಮಾಹಿತಿ ಯಾವ ಊರಿನದು, ಯಾವ ಋತುವಿನದು? ಸಲ್ಫೇಟ್ ಲೆಕ್ಕಕ್ಕೆ ಬಂದಿದೆಯೇ? ಅಳೆದ ಅಂಕಿಗೆ ಮಾದರಿಯ ಅಂಕಿ ತಾಳೆಯಾಗಿದೆಯೇ?

ವಿದ್ಯಾರ್ಥಿಗಳೇ, ನಮ್ಮ ಕಣಿವೆಯಲ್ಲಿ ಮಂಜು ಎಷ್ಟು ಹೊತ್ತು ನಿಂತಿತೆಂಬುದನ್ನು ದಿನವೂ ಬರೆದಿಡಿ. ಪ್ರಶ್ನೆಗೆ ಬಲ ಬರುವುದು ಅದರಿಂದಲೇ.