ಪದರದ ಮೇಲೆ ಯಾರ ಹೆಸರು?



ದಾಂಡೇಲಿಯಲ್ಲಿ ಕಾಗದ ತಯಾರಾಗುತ್ತದೆ, ಊರನ್ನು ಬಳಸಿಕೊಂಡು ಕಾಳಿ ನದಿ ಹರಿಯುತ್ತದೆ. ಮರದ ತಿರುಳಿನಿಂದ ಕಾಗದ ಮಾಡುವ ಊರು ಜಗತ್ತಿನಲ್ಲಿ ಎಲ್ಲೇ ಇರಲಿ, ಕಾರ್ಖಾನೆ ಬಳಸಿ ಬಿಟ್ಟ ನೀರಿನಲ್ಲಿ ಮರದಲ್ಲಿನ ಲಿಗ್ನಿನ್ ಒಡೆದು ಹುಟ್ಟಿದ ಫೀನಾಲ್ ಜಾತಿಯ ವಸ್ತುಗಳು ಎಷ್ಟಿವೆ ಎಂದು ಯಾರಾದರೂ ಕೇಳಲೇಬೇಕು. ತೇರಗಾಂವ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಬಂದು ರಸಾಯನಶಾಸ್ತ್ರ ಓದಿ ಇಂದು ಪದವಿ ಪಡೆಯುತ್ತಿರುವ ನಿಮಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಸಿಗುವುದು ಕಷ್ಟ. ಫೀನಾಲ್ ಇರುವ ನೀರಿಗೆ ಬರಿಯ ಕಾರ್ಬನ್ ಎಲೆಕ್ಟ್ರೋಡ್ ಇಳಿಸಿ ವೋಲ್ಟೇಜನ್ನು ಮತ್ತೆಮತ್ತೆ ಏರಿಸಿ ಇಳಿಸಿದರೆ ಮೊದಲ ಸುತ್ತಿನಲ್ಲಿ ಒಳ್ಳೆಯ ಕರೆಂಟ್ ಬರುತ್ತದೆ. ಎರಡನೆಯ ಸುತ್ತಿಗೆ ಅದು ಇಳಿಯುತ್ತದೆ, ಇನ್ನೂ ಕೆಲವು ಸುತ್ತು ಕಳೆದರೆ ಎಲೆಕ್ಟ್ರೋಡ್ ಬಹುಪಾಲು ಮಾತು ನಿಲ್ಲಿಸಿಬಿಡುತ್ತದೆ. ಉತ್ಕರ್ಷಣಗೊಂಡ ಫೀನಾಲ್ ಪಾಲಿಮರ್ ಆಗಿ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಫೀನಾಲ್ ಕಡಿಮೆಯಾಗಿಲ್ಲ, ಅಳೆಯುವ ಕಣ್ಣಿಗೇ ಪೊರೆ ಬಂದಿದೆ.

ಎಲೆಕ್ಟ್ರೋಡಿನ ಮೇಲೆ ತಾನಾಗಿ ಬೆಳೆಯುವ ಪದರ ಹೀಗೆ ಅಳತೆಯನ್ನು ಕೆಡಿಸುತ್ತದೆ. ನಾವು ಬೇಕೆಂದೇ ಹಾಕುವ ಪದರ ಅಳತೆಯನ್ನು ಸಾಧ್ಯವಾಗಿಸುತ್ತದೆ. ಮಿದುಳಿನ ಡೋಪಮೈನ್ ಅಳೆಯುವ ಪ್ರಸಿದ್ಧ ಉದಾಹರಣೆಯನ್ನೇ ನೋಡಿ. ಅಲ್ಲಿ ಡೋಪಮೈನ್‌ಗಿಂತ ನೂರಾರು ಪಟ್ಟು ಹೆಚ್ಚು ಆಸ್ಕಾರ್ಬಿಕ್ ಆಮ್ಲವಿದೆ, ಬರಿಯ ಕಾರ್ಬನ್ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಉತ್ಕರ್ಷಣಗೊಳ್ಳುತ್ತವೆ. ಹಾಗಾಗಿ ಬಂದ ಕರೆಂಟ್ ಯಾರದ್ದೆಂದು ಹೇಳಲಾಗದು. ನಾಫಿಯಾನ್ ಎಂಬ ಪಾಲಿಮರಿನ ತೆಳುಪದರ ಹಚ್ಚಿದರೆ ಚಿತ್ರ ಬದಲಾಗುತ್ತದೆ. ಆ ಪದರದಲ್ಲಿ ಋಣ ವಿದ್ಯುದಂಶದ ಗುಂಪುಗಳಿರುವುದರಿಂದ ಧನ ವಿದ್ಯುದಂಶದ ಡೋಪಮೈನ್ ಒಳಗೆ ಬರುತ್ತದೆ, ಋಣ ವಿದ್ಯುದಂಶದ ಆಸ್ಕಾರ್ಬೇಟ್ ಹೊರಗೇ ಉಳಿಯುತ್ತದೆ. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ಇಂಥ ಮಾರ್ಪಡಿಸಿದ ಎಲೆಕ್ಟ್ರೋಡುಗಳ ಮೇಲೆ ಕೆಲಸ ನಡೆದಿದೆ. ದುಬಾರಿ ಯಂತ್ರವಿಲ್ಲದ ಪ್ರಯೋಗಾಲಯವೂ ಈ ಕ್ಷೇತ್ರಕ್ಕೆ ಕಾಲಿಡಬಹುದು, ಅದು ಇದರ ದೊಡ್ಡ ಗುಣ. ಆದರೆ ಇಲ್ಲಿ ಯಾವ ಪ್ರಬಂಧವೂ ಎರಡು ಪರೀಕ್ಷೆ ದಾಟದೆ ಮುಂದೆ ಹೋಗುವಂತಿಲ್ಲ. ಅಳೆಯಬೇಕಾದ ವಸ್ತುವೇ ಇಲ್ಲದ ದ್ರಾವಣದಲ್ಲಿ ಎಲೆಕ್ಟ್ರೋಡ್ ಏನು ಹೇಳುತ್ತದೆ? ಅಡ್ಡಬರುವ ವಸ್ತು ಜೊತೆಗಿದ್ದಾಗ ಏನು ಹೇಳುತ್ತದೆ? ಮೊದಲನೆಯದು ಖಾಲಿ ಪರೀಕ್ಷೆ, ಎರಡನೆಯದು ಅಡ್ಡಿ ಪರೀಕ್ಷೆ. ಇವುಗಳ ಫಲಿತಾಂಶ ತೋರಿಸದವರ ಅಂಕಿಗಳನ್ನು ಯಾವ ಪರೀಕ್ಷಕನೂ ನಂಬುವುದಿಲ್ಲ.

ಇಂದು ನಾನು ವಾದಿಸಬೇಕೆಂದಿರುವುದು ಇಷ್ಟೇ. ಸಂಶೋಧನೆಯಲ್ಲಿ ಯಾರ ಪಾಲು ಎಷ್ಟು ಎಂದು ಅಳೆಯುವ ನಮ್ಮ ಸೂತ್ರಗಳೂ ಅಳತೆಯ ಉಪಕರಣಗಳೇ, ಆದರೆ ಅವುಗಳಿಗೆ ಈ ಎರಡು ಪರೀಕ್ಷೆಗಳನ್ನು ನಾವು ಮಾಡಿಯೇ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ತೆಗೆದುಕೊಳ್ಳಿ. ಅಧ್ಯಾಪಕರ ನೇಮಕ, ಬಡ್ತಿಗಳ ಲೆಕ್ಕದಲ್ಲಿ ವಿಜ್ಞಾನದ ಒಂದು ಪ್ರಬಂಧಕ್ಕೆ ಅದು 8 ಅಂಕದ ಮೂಲಬೆಲೆ ಕಟ್ಟಿತು. ಇಬ್ಬರು ಲೇಖಕರಿದ್ದರೆ ಇಬ್ಬರಿಗೂ ಶೇ. 70. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಕೂಡಿಸಿ ನೋಡಿ: ಮೂವರ ಪ್ರಬಂಧ ಶೇ. 130 ಆಗುತ್ತದೆ, ಐವರದು ಶೇ. 190, ಹತ್ತು ಜನರದು ಶೇ. 340. ಮೂರನೆಯ ಹೆಸರು ಬಂದಮೇಲೆ ಇನ್ನೆಷ್ಟು ಹೆಸರು ಸೇರಿಸಿದರೂ ಪಟ್ಟಿಯಲ್ಲಿರುವ ಯಾರೊಬ್ಬರ ಅಂಕವೂ ಇಳಿಯುವುದಿಲ್ಲ. 2010ರ ನಿಯಮ ಹಾಗಿರಲಿಲ್ಲ, ಅದು ಶೇ. 60ನ್ನು ಮುಖ್ಯ ಲೇಖಕರು ಮತ್ತು ಮಾರ್ಗದರ್ಶಕರ ನಡುವೆಯೂ ಉಳಿದ ಶೇ. 40ನ್ನು ಇತರರ ನಡುವೆಯೂ ಹಂಚುತ್ತಿತ್ತು. ಅಲ್ಲಿ ಒಂದು ಹೆಸರು ಹೆಚ್ಚಾದರೆ ಯಾರದೋ ಪಾಲು ಕರಗಬೇಕಿತ್ತು, ಆದ್ದರಿಂದ ಯಾರಾದರೂ ಆಕ್ಷೇಪಿಸುವ ಸಾಧ್ಯತೆಯಾದರೂ ಇತ್ತು. ಸೂತ್ರ ಬದಲಾಯಿಸಿದವರ ಉದ್ದೇಶ ಒಳ್ಳೆಯದೇ ಇದ್ದೀತು. ಸಹಕಾರದಿಂದ ಕೆಲಸ ಮಾಡಿದವರಿಗೆ ನಷ್ಟವಾಗಬಾರದು ಎಂಬುದು ನ್ಯಾಯವಾದ ಮಾತು. ಈಗ ಆ ಸೂತ್ರಕ್ಕೆ ಖಾಲಿ ಪರೀಕ್ಷೆ ಮಾಡೋಣ. ಗಾಜಿನಂಥ ಕಾರ್ಬನ್ ಎಲೆಕ್ಟ್ರೋಡನ್ನು 0.05 ಮೈಕ್ರೋಮೀಟರ್ ಅಲ್ಯುಮಿನಾ ಪುಡಿಯಿಂದ ಕನ್ನಡಿಯಾಗುವವರೆಗೆ ಉಜ್ಜಿ, ಪದರ ಬೆಳೆಸಿ, ಅದು ಪ್ರತಿಸಲ ಒಂದೇ ರೀತಿ ಬರುವವರೆಗೆ ಬಿಡದೆ ಕೂತ ವಿದ್ಯಾರ್ಥಿನಿಯ ಹೆಸರು ಮೂರನೆಯದಾಗಿದ್ದರೆ ಅವಳಿಗೆ 2.4 ಅಂಕ. ಪ್ರಯೋಗಾಲಯದ ಬಾಗಿಲು ದಾಟದೆ ನಾಲ್ಕನೆಯ ಹೆಸರಾದವರಿಗೂ 2.4 ಅಂಕ. ವಸ್ತುವಿಲ್ಲದ ದ್ರಾವಣದಲ್ಲೂ ಅದೇ ಕರೆಂಟ್ ಕೊಡುವ ಎಲೆಕ್ಟ್ರೋಡನ್ನು ನೀವು ಕಸದ ಬುಟ್ಟಿಗೆ ಹಾಕುತ್ತೀರಿ.

ಇದಕ್ಕೆ ಬರುವ ಬಲವಾದ ಆಕ್ಷೇಪವನ್ನು ಪಕ್ಕಕ್ಕೆ ತಳ್ಳಲಾಗದು. ಅಂಕಿ ಒರಟಾಗಿರಬಹುದು, ಆದರೆ ಅದಕ್ಕೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ. ಶಿಫಾರಸು ಇಲ್ಲದ, ದೊಡ್ಡ ಊರಿನ ಪರಿಚಯವಿಲ್ಲದ, ಮನೆಯಲ್ಲಿ ಮೊದಲ ಸಲ ಪದವಿ ಪಡೆದ ಹುಡುಗಿ ಸಂದರ್ಶನದ ಕೋಣೆಗೆ ಹೋದಾಗ ಅವಳ ಪರವಾಗಿ ಮಾತನಾಡುವುದು ಆ ಅಂಕಪಟ್ಟಿಯೊಂದೇ. ಅದನ್ನೂ ಕಿತ್ತುಕೊಂಡು ಗುಣವನ್ನು ಬಲ್ಲವರು ನಿರ್ಣಯಿಸಲಿ ಎಂದರೆ, ಆ ಬಲ್ಲವರು ಯಾರ ಕಡೆಯವರು ಎಂಬ ಪ್ರಶ್ನೆ ಏಳುತ್ತದೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿಯೇ ಅಳತೆ ಬೇಡ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಒತ್ತಡ ಕಡಿಮೆಯಾಯಿತು, ಆದರೆ ಯಾರು ಏನು ಮಾಡಿದರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಅಂಕಿ ಪ್ರಭಾವಿಗಳಿಂದ ರಕ್ಷಿಸುತ್ತದೆ ಎನ್ನುವವರು ಇನ್ನೊಂದು ಮಗ್ಗುಲನ್ನೂ, ಅಂದರೆ ಅಡ್ಡಿ ಪರೀಕ್ಷೆಯನ್ನೂ, ನೋಡಬೇಕು. ಬೆಲೆಯಿಲ್ಲದೆ ಹೆಸರು ಸೇರಿಸಲು ಬಿಡುವ ಸೂತ್ರದಿಂದ ಹೆಚ್ಚು ಲಾಭ ಯಾರಿಗೆ? ತಮ್ಮ ಹೆಸರು ಸೇರಿಸಿ ಎಂದು ಹೇಳಬಲ್ಲ ಸ್ಥಾನದಲ್ಲಿ ಇರುವವರಿಗೆ. ಆ ಹುಡುಗಿ ಹಾಗೆ ಯಾರಿಗೂ ಹೇಳಲಾರಳು.

ಇನ್ನೊಂದು ಆಕ್ಷೇಪ ನಮ್ಮಂಥ ಕಡೆಯದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲಿಲ್ಲ, ಪದರದ ಚಿತ್ರ ಬೇಕೆಂದರೆ ಬೇರೆ ಊರಿನ ಸಂಸ್ಥೆಗೆ ಮಾದರಿ ಕಳಿಸಬೇಕು, ಚಿತ್ರ ತೆಗೆದುಕೊಟ್ಟವರ ಹೆಸರು ಹಾಕದಿದ್ದರೆ ಮುಂದಿನ ಸಲ ಸರದಿ ಸಿಗುವುದಿಲ್ಲ. ಇದು ವಾಸ್ತವ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಕಟ್ಟುನಿಟ್ಟಾದ ಮಾನದಂಡದ ಪ್ರಕಾರ, ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಭಾಗ, ಅಂತಿಮ ಪ್ರತಿಗೆ ಒಪ್ಪಿಗೆ, ಮುಂದೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಈ ನಾಲ್ಕೂ ಇದ್ದವರು ಮಾತ್ರ ಲೇಖಕರು. ಅದನ್ನು ಹಾಗೆಯೇ ಇಲ್ಲಿ ಹೇರಿದರೆ ಸಣ್ಣ ಕಾಲೇಜಿನ ಪ್ರಯೋಗಾಲಯ ಮುಚ್ಚಬೇಕಾಗುತ್ತದೆ. ದೊಡ್ಡ ಪ್ರಯೋಗಗಳಿಗೂ ಅದು ಒಗ್ಗದು: 2015ರಲ್ಲಿ ಹಿಗ್ಸ್ ಬೋಸಾನಿನ ದ್ರವ್ಯರಾಶಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರಿದ್ದರು. 33 ಪುಟಗಳಲ್ಲಿ ವಿಷಯ ಒಂಬತ್ತೇ ಪುಟ. ಅವರೆಲ್ಲರೂ ಪ್ರತಿ ವಾಕ್ಯಕ್ಕೂ ಹೊಣೆ ಎನ್ನುವುದು ಹಾಸ್ಯವಾದೀತು. ಹಾಗಾಗಿ ಹೆಸರನ್ನು ಅಳಿಸುವುದಕ್ಕಿಂತ ಹೆಸರಿನ ಮುಂದೆ ಕೆಲಸ ಬರೆಯುವುದು ಮೇಲು. ಪರಿಕಲ್ಪನೆ, ಪ್ರಯೋಗ, ವಿಶ್ಲೇಷಣೆ, ಉಪಕರಣ, ಮೊದಲ ಕರಡು ಎಂದು ಪಾತ್ರಗಳನ್ನು ಹದಿನಾಲ್ಕಾಗಿ ವಿಂಗಡಿಸುವ ಕ್ರೆಡಿಟ್ ಎಂಬ ಪದ್ಧತಿಯನ್ನು ಇಂದು ಅನೇಕ ಪತ್ರಿಕೆಗಳು ಬಳಸುತ್ತಿವೆ. ಚಿತ್ರ ತೆಗೆದವರ ಮುಂದೆ ಚಿತ್ರ ಎಂದು ಬರೆದರೆ ಅವರಿಗೂ ಅವಮಾನವಿಲ್ಲ, ಪದರ ಮಾಡಿದವಳಿಗೂ ನಷ್ಟವಿಲ್ಲ. ಅಲ್ಲೂ ಸುಳ್ಳು ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಬರೆಯಬಹುದು. ಆದರೆ ಪ್ರಯೋಗ ಮಾಡಿದ್ದೇನೆ ಎಂದು ಬರೆದವರನ್ನು ಮೂರನೆಯ ಚಿತ್ರದ ವಕ್ರರೇಖೆ ಅಲ್ಲೇಕೆ ಬಾಗಿದೆ ಎಂದು ಕೇಳಬಹುದು. ಶೇ. 30 ಎಂಬ ಅಂಕಿಯನ್ನು ಏನೆಂದು ಕೇಳುತ್ತೀರಿ?

ತೆಳುಪದರಗಳ ಇತಿಹಾಸದಲ್ಲೇ ಒಂದು ಹೆಸರು ಸರಿಯಾದ ಜಾಗಕ್ಕೆ ಬಂದದ್ದೂ ಉಂಟು, ಜಾರಿದ್ದೂ ಉಂಟು. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಯಲ್ಲೇ ತಗಡಿನ ತೊಟ್ಟಿ ಮಾಡಿಕೊಂಡು, ನೀರಿನ ಮೇಲೆ ಹರಡಿದ ಎಣ್ಣೆಯ ಪದರವನ್ನು ಪಟ್ಟಿಯೊಂದರಿಂದ ಒತ್ತಿ ಆಕೆ ಮೇಲ್ಮೈ ಸೆಳೆತ ಅಳೆದರು. 1891ರ ಜನವರಿಯಲ್ಲಿ ಅದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದ ಲಾರ್ಡ್ ರ‍್ಯಾಲೆಗೆ ಕಾಗದ ಬರೆದರು. ರ‍್ಯಾಲೆ ಅದನ್ನು ತನ್ನ ಪ್ರಬಂಧದ ಅಡಿಟಿಪ್ಪಣಿಯಾಗಿಸಿ ಕೃತಜ್ಞತೆ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ ನೇಚರ್ ಪತ್ರಿಕೆಗೆ ಕಳಿಸಿದರು, ಆ ವರ್ಷದ ಮಾರ್ಚ್ 12ರಂದು ಅದು ಆಕೆಯ ಹೆಸರಿನಲ್ಲೇ ಅಚ್ಚಾಯಿತು. ಮುಂದೆ ಅಂಥ ತೊಟ್ಟಿಯನ್ನು ಸುಧಾರಿಸಿ ಬಳಸಿದ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1932ರಲ್ಲಿ ನೊಬೆಲ್ ಪಡೆದರು, ಉಪಕರಣ ಬಹುತೇಕ ಎಲ್ಲೆಡೆ ಲ್ಯಾಂಗ್‌ಮ್ಯೂರ್ ತೊಟ್ಟಿ ಎಂದೇ ಹೆಸರಾಯಿತು. ಇಲ್ಲಿ ಯಾರೂ ಕದ್ದಿಲ್ಲ. ಹೆಸರು ಎಷ್ಟು ಸುಲಭವಾಗಿ ದೊಡ್ಡವರ ಕಡೆ ಜಾರುತ್ತದೆ ಎಂಬುದಷ್ಟೇ ಕಾಣುತ್ತದೆ. ಆದರೂ ನಾವಿಂದು ಪೊಕೆಲ್ಸ್ ಮಾಡಿದ್ದೇನೆಂದು ಖಚಿತವಾಗಿ ಹೇಳಬಲ್ಲೆವು, ಏಕೆಂದರೆ ಆಕೆ ಮಾಡಿದ್ದು ಆಕೆಯ ಮಾತಿನಲ್ಲಿ, ದಿನಾಂಕದೊಂದಿಗೆ ಉಳಿದಿದೆ.

ನಮ್ಮಲ್ಲೂ ಅಂಥದೊಂದು ದಾಖಲೆಯಿದೆ. ಹೊಸ ವಿಕಿರಣದ ಬಗ್ಗೆ ಸಿ.ವಿ. ರಾಮನ್ ತಮ್ಮ ಪ್ರಸಿದ್ಧ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಅದು ಅವರೊಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಅದೇ ತಿಂಗಳ ಕೊನೆಯಲ್ಲಿ ನೇಚರ್‌ನಲ್ಲಿ ಬಂದ ಟಿಪ್ಪಣಿಯಲ್ಲಿ ರಾಮನ್ ಮತ್ತು ಅವರೊಂದಿಗೆ ಪ್ರಯೋಗ ನಡೆಸಿದ ಕೆ.ಎಸ್. ಕೃಷ್ಣನ್ ಇಬ್ಬರ ಹೆಸರಿತ್ತು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಕೃಷ್ಣನ್‌ಗೆ ಸಿಕ್ಕಿದ್ದು ಕಡಿಮೆಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ, ಶೇಕಡಾವಾರು ಲೆಕ್ಕ ಹಾಕಿ ಅದನ್ನು ನಿಲ್ಲಿಸಲೂ ಆಗುವುದಿಲ್ಲ. ಆದರೆ ಆ ಚರ್ಚೆ ಊಹೆಯ ಮೇಲೆ ನಡೆಯುತ್ತಿಲ್ಲ. 1928ರ ಫೆಬ್ರವರಿಯಲ್ಲಿ ಕೃಷ್ಣನ್ ದಿನಚರಿ ಬರೆದಿಟ್ಟಿದ್ದರು: ಯಾವ ದಿನ ಯಾವ ದ್ರವ ನೋಡಿದ್ದು, ಯಾರು ಬಂದು ನೋಡಿ ಏನೆಂದರು ಎಂದು. ನಿಮ್ಮಲ್ಲಿ ಕೆಲವರು ಜುಲೈನಲ್ಲಿ ಸಂಶೋಧನೆಗೆ ಸೇರುತ್ತೀರಿ. ಎಲೆಕ್ಟ್ರೋಡ್ ಉಜ್ಜಿದ ದಿನವೇ ಯಾರು ಉಜ್ಜಿದರು ಎಂದು ಪ್ರಯೋಗದ ಪುಸ್ತಕದಲ್ಲಿ ಬರೆಯಿರಿ, ಮಾರ್ಗದರ್ಶಕರ ಸಹಿ ಹಾಕಿಸಿ. ಲೇಖಕರ ಪಟ್ಟಿಯ ಮಾತು ಬರುವುದು ಅದಾದ ಎಷ್ಟೋ ತಿಂಗಳ ಮೇಲೆ, ಆಗ ಮೇಜಿನ ಮೇಲೆ ಆ ಪುಸ್ತಕ ಇರಲಿ.