ಹಗ್ಗ ಹೊಸೆದವರಿಗೂ ಒಂದು ಅಧ್ಯಾಯ

(ತಿಪಟೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮೊದಲಿಗೆ ಒಂದು ತಪ್ಪೊಪ್ಪಿಗೆ. ನಮ್ಮ ತೋಟದಲ್ಲಿ ಸುಮಾರು ಇಪ್ಪತ್ತು ವರ್ಷ ಕಾಯಿ ಕಿತ್ತವರೊಬ್ಬರಿದ್ದರು. ಅವರ ಊರು ನನಗೆ ಗೊತ್ತಿತ್ತು, ದಿನಕ್ಕೆ ಎಷ್ಟು ಎಲೆ ಅಡಿಕೆ ಬೇಕೆಂಬುದೂ ಗೊತ್ತಿತ್ತು. ಅವರ ನಿಜವಾದ ಹೆಸರು ಮಾತ್ರ ಅವರು ತೀರಿಕೊಂಡ ದಿನ ತಿಳಿಯಿತು. ಕೀಳುವವರು, ಸುಲಿಯುವವರು, ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯಿಯ ಚಿಪ್ಪೊಡೆದು ಉಂಡೆ ಕೊಬ್ಬರಿ ತೆಗೆಯುವ ಹೆಂಗಸರು, ಇಷ್ಟು ಜನರ ಕೈ ದಾಟಿ ಮಾಲು ತಿಪಟೂರಿನ ಮಾರುಕಟ್ಟೆಗೆ ಬಂದಾಗ ಚೀಟಿಯಲ್ಲಿ ಇರುವುದು ತೋಟದ ಯಜಮಾನನ ಹೆಸರೊಂದೇ.

ಧರ್ಮಗ್ರಂಥಗಳು ಈ ವಿಷಯದಲ್ಲಿ ನಮಗಿಂತ ವಾಸಿ. ಸೇತುವೆ ಕಟ್ಟಿದ ನಳನ ಹೆಸರನ್ನು ರಾಮಾಯಣ ಮರೆಯಲಿಲ್ಲ. ಯುದ್ಧದ ಹೊತ್ತಿನಲ್ಲಿ ಮೋಶೆಯ ಕೈ ಸೋತಾಗ ಇಬ್ಬದಿಯಲ್ಲಿ ನಿಂತು ಎತ್ತಿ ಹಿಡಿದವರು ಆರೋನ ಮತ್ತು ಹೂರ ಎಂದು ಬೈಬಲ್ ಹೆಸರಿಟ್ಟು ಹೇಳುತ್ತದೆ. ಆದರೆ ಸಹಾಯಕರಿಗೆ ಇಡೀ ಅಧ್ಯಾಯಗಳನ್ನೇ ಬಿಟ್ಟುಕೊಟ್ಟ ಗ್ರಂಥವೊಂದು ನಮ್ಮ ಜಿಲ್ಲೆಗೇ ಸೇರಿದ್ದು. ಅದು ಶೂನ್ಯಸಂಪಾದನೆ. ಅದರ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ಸಿದ್ಧಪಡಿಸಿದ ಸಿದ್ಧವೀರಣ್ಣೊಡೆಯರನ್ನು ತುಮಕೂರಿನ ಪಕ್ಕದ ಗೂಳೂರಿನವರೆಂದು ಗುರುತಿಸುತ್ತಾರೆ. ದೊಡ್ಡ ಗಣಪನ ಗೂಳೂರೆಂದರೆ ನಿಮಗೆಲ್ಲ ಗೊತ್ತು. ಅವರು ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗರ ಪರಂಪರೆಯವರು. ಗುರುವಿನ ಹೆಸರಿನಲ್ಲೇ ತೋಟವಿದೆ. ಈ ಪಾಠವನ್ನು ೧೯೫೮ರಲ್ಲಿ ಸಂ.ಶಿ. ಭೂಸನೂರಮಠರು ಸಂಪಾದಿಸಿದರು. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ ಅದನ್ನು ೫ ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು.

ಒಂದು ಎಚ್ಚರಿಕೆ ಹೇಳಬೇಕು. ಇದು ೧೨ನೆಯ ಶತಮಾನದ ಕಲ್ಯಾಣದಲ್ಲಿ ಯಾರೋ ಕುಳಿತು ಬರೆದುಕೊಂಡ ವರದಿಯಲ್ಲ. ಸುಮಾರು ಮೂರು ಶತಮಾನಗಳ ನಂತರ ವಚನಗಳನ್ನು ಪೋಣಿಸಿ ಕಟ್ಟಿದ ಸಂವಾದ. ಹಾಗಾಗಿ ಇಲ್ಲಿ ಕಾಣುವುದು ಕಲ್ಯಾಣದ ಸಭೆ ಹೇಗಿತ್ತು ಎಂಬುದಕ್ಕಿಂತ, ಅದು ಹೇಗಿತ್ತೆಂದು ನೆನೆಯಲು ನಮ್ಮ ಹಿರಿಯರು ಬಯಸಿದರು ಎಂಬುದು. ನನಗಂತೂ ಅದೇ ಹೆಚ್ಚು ಬೆಲೆಯುಳ್ಳದ್ದು.

ಸಭೆಯ ಏರ್ಪಾಟನ್ನು ನೋಡಿ. ಮನೆ ಬಸವಣ್ಣನದು, ಖರ್ಚು ಬಸವಣ್ಣನದು. ಶೂನ್ಯಸಿಂಹಾಸನದಲ್ಲಿ ಕೂರುವವನು ಮಾತ್ರ ಅಲ್ಲಮ. ಶಾಸ್ತ್ರ ಬಿಡಿಸಿ ಹೇಳಲು ಸೋದರಳಿಯ ಚನ್ನಬಸವಣ್ಣ. ಮಡಿವಾಳ ಮಾಚಯ್ಯ ಯಾರನ್ನಾದರೂ ನಿಲ್ಲಿಸಿ ಕೇಳಬಲ್ಲವನು. ಹಡಪದ ಅಪ್ಪಣ್ಣ ಬಸವಣ್ಣನ ಎಲೆ ಅಡಿಕೆಯ ಚೀಲ ಹಿಡಿಯುವವನು. ಅವನೂ ವಚನಕಾರ, ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಅಪ್ಪಣ್ಣನ ಅಂಕಿತದಲ್ಲಿ ಬಸವಣ್ಣನ ಹೆಸರು, ಲಿಂಗಮ್ಮನ ಅಂಕಿತದಲ್ಲಿ ಅಪ್ಪಣ್ಣನ ಹೆಸರು. ತನ್ನ ರುಜುವಿನೊಳಗೇ ಇನ್ನೊಬ್ಬರನ್ನು ಸೇರಿಸುವ ಪದ್ಧತಿ ಇದು.

ನಮ್ಮ ಸೀಮೆಗೆ ಹತ್ತಿರದವನು ನುಲಿಯ ಚಂದಯ್ಯ. ನಾವು ತೆಂಗಿನ ನಾರಿನಿಂದ ಹೊಸೆಯುತ್ತೇವೆ, ಅವನು ಹುಲ್ಲಿನಿಂದ ಹೊಸೆಯುತ್ತಿದ್ದ. ಹುಲ್ಲು ಕೊಯ್ಯಲು ಬಗ್ಗಿದಾಗ ಕೊರಳಿನ ಲಿಂಗ ಜಾರಿ ಬಿತ್ತು. ಚಂದಯ್ಯ ಅದನ್ನೆತ್ತದೆ ಕೆಲಸ ಮುಂದುವರಿಸಿದ. ಲಿಂಗವೇ ಹಿಂದೆ ಬಂತಂತೆ! ನಡುವೆ ಬಂದು ರಾಜಿ ಮಾಡಿದವನು ಮಾಚಯ್ಯ. ದೇವರಿಗೂ ಹಗ್ಗ ಮಾರುವ ಕೆಲಸ ಬಿತ್ತು. ಹಗ್ಗಕ್ಕೆ ಹೆಚ್ಚು ಬೆಲೆ ಬಂದಾಗ ಚಂದಯ್ಯ ಒಪ್ಪಲಿಲ್ಲ. ಕೊಬ್ಬರಿ ಧಾರಣೆ ಏರಿದ ದಿನ ಈ ಕಥೆ ಹೇಳಲು ನನಗೂ ಧೈರ್ಯ ಸಾಲದು, ಬಿಡಿ.

ಆಯ್ದಕ್ಕಿ ಮಾರಯ್ಯನದು ಇನ್ನೊಂದು ಬಗೆ. ಚೆಲ್ಲಿದ ಅಕ್ಕಿ ಆಯುವ ಕೆಲಸ ಮರೆತು ಅವನು ಮಾತಿನಲ್ಲಿ ಕುಳಿತಾಗ ಎಬ್ಬಿಸಿದವಳು ಹೆಂಡತಿ ಲಕ್ಕಮ್ಮ. ಮಿಕ್ಕ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ವಾಪಸು ಸುರಿಸಿದವಳೂ ಅವಳೇ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಮಾತು ಕಚೇರಿಗಳ ಗೋಡೆಯಲ್ಲಿ ಬಸವಣ್ಣನ ಚಿತ್ರದ ಕೆಳಗಿರುತ್ತದೆಯಲ್ಲ, ಅದು ಸಿಗುವುದು ಈ ಮಾರಯ್ಯನ ವಚನದಲ್ಲಿ. ಗ್ರಂಥ ಜೋಪಾನ ಮಾಡಿದ ಹೆಸರನ್ನು ಗೋಡೆ ಬರೆಸಿದ ನಾವು ಕಳೆದೆವು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮರುಳಶಂಕರದೇವನ ಪ್ರಸಂಗ. ಬಸವಣ್ಣನ ಮಹಾಮನೆಯಲ್ಲಿ, ಪ್ರಸಾದದ ಕುಂಡದ ಬಳಿ, ಅವನು ೧೨ ವರ್ಷ ಇದ್ದ. ದಿನಾ ಸಾವಿರಾರು ಜನ ಉಂಡು ಹೋದರು, ಯಾರೂ ಗುರುತಿಸಲಿಲ್ಲ. ಹೊರಗಿನಿಂದ ಬಂದ ಅಲ್ಲಮನ ಕಣ್ಣಿಗೆ ಅವನು ಬಿದ್ದ. ಬಸವಣ್ಣ ನೊಂದುಕೊಂಡ. ಸಿದ್ಧವೀರಣ್ಣೊಡೆಯರು ಈ ಸಂಗತಿಯನ್ನು ಬಿಟ್ಟುಬಿಡಬಹುದಿತ್ತು. ತಾವು ಆರಾಧಿಸುವ ಬಸವಣ್ಣನ ಮನೆಯ ಕೊರತೆ ಅದು. ಅವರು ಬಿಡಲಿಲ್ಲ, ಅದಕ್ಕೊಂದು ಅಧ್ಯಾಯವನ್ನೇ ಕೊಟ್ಟರು.

ಈಗ ಒಂದು ವಿನಂತಿ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಹಳೆಯ ಮನೆಗಳನ್ನು ಕೆಡವಿ ಕಟ್ಟುವಾಗ ಅಟ್ಟದಿಂದ ತಾತನ ಕಾಲದ ಲೆಕ್ಕದ ಪುಸ್ತಕಗಳು ಇಳಿಯುತ್ತವೆ. ದಯವಿಟ್ಟು ರದ್ದಿಗೆ ಹಾಕಬೇಡಿ. ಕಾಯಿ ಮಾರಿದ ಪುಟ ಬಿಡಿ, ಕೂಲಿ ಬಟವಾಡೆಯ ಪುಟ ತೆಗೆದು ನೋಡಿ. ಅಲ್ಲಿ ಹೆಸರುಗಳಿರುತ್ತವೆ. ಊರಿನಲ್ಲಿ ಅವರ ಮೊಮ್ಮಕ್ಕಳು ಇದ್ದರೆ ಕರೆದು ಓದಿ ಹೇಳಿ.